ನಾಲ್ಕನೇ ತರಗತಿಗೆ ಬಂದ ಮೇಲೆ: ಆಟಿಸಂ ಇರುವ ಒಬ್ಬ ಹುಡುಗನ ಪ್ರಕರಣ ಅಧ್ಯಯನ

ಮೂರು ವರ್ಷ ತರಗತಿಯಲ್ಲಿ ಕೂತು ಕಲಿತ ಹುಡುಗ ನಾಲ್ಕನೇ ತರಗತಿಗೆ ಬಂದ ತಿಂಗಳೊಳಗೆ ದಿನಕ್ಕೆ ನಾಲ್ಕೈದು ಸಲ ಹೊರಗೆ ಓಡತೊಡಗಿದ. ಶಾಲೆ ಅದೇ. ಹುಡುಗನೂ ಅವನೇ. ಮನೆಯಲ್ಲಿ ಏನೂ ಬದಲಾಗಿರಲಿಲ್ಲ. ಹಾಗಾದರೆ ಬದಲಾಗಿದ್ದು ಏನು? 2025ರ ಜುಲೈನಲ್ಲಿ ನನ್ನ ಮುಂದೆ ಬಂದ ಪ್ರಶ್ನೆ ಇದು.

ನಾನು ಬಿಐಇಆರ್‌ಟಿ. ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿ ಇರುವ ಸಂಪನ್ಮೂಲ ಶಿಕ್ಷಕಿ. ಒಂದು ಶಾಲೆಗೆ ಸೇರಿದವಳಲ್ಲ, ಶಾಲೆಯಿಂದ ಶಾಲೆಗೆ ತಿರುಗುತ್ತೇನೆ. ಈ ಶಾಲೆ ಇರುವುದು ಬೆಂಗಳೂರಿನ ಮಾಗಡಿ ರಸ್ತೆಯ ಒಳಭಾಗದಲ್ಲಿ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕನ್ನಡ ಮಾಧ್ಯಮ. ಸುತ್ತ ಲೇತ್ ಮಷೀನಿನ ಶೆಡ್ಡುಗಳು, ಸಣ್ಣ ಕಾರ್ಖಾನೆಗಳು, ವಠಾರದ ಮನೆಗಳು. ಹುಡುಗನ ಹೆಸರು ಬೇಡ. ಮನೆಯಲ್ಲಿ ಪುಟ್ಟ ಅಂತ ಕರೆಯುತ್ತಾರೆ, ಇಲ್ಲೂ ಪುಟ್ಟ ಅಂತಲೇ ಇರಲಿ. ವಯಸ್ಸು ಒಂಬತ್ತು.

ಅಪ್ಪ ಆಟೋ ಓಡಿಸುತ್ತಾರೆ. ಅಮ್ಮ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದವರು. ಪುಟ್ಟನಿಗಾಗಿ ಕೆಲಸ ಬಿಟ್ಟು ಈಗ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಜೊತೆಗೆ ಅಜ್ಜಿ ಇದ್ದಾರೆ. ಮೂರು ವರ್ಷವಾದರೂ ಮಾತು ಬರದಿದ್ದಾಗ ಅಜ್ಜಿ ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು. 2021ರ ಶುರುವಿನಲ್ಲಿ ನಿಮ್ಹಾನ್ಸ್‌ಗೆ ಹೋದಾಗ ಆಟಿಸಂ ಅಂತ ಗೊತ್ತಾಯಿತು. ಎರಡು ಮೂರು ತಿಂಗಳು ಥೆರಪಿಗೆ ಓಡಾಡಿದರು. ಅಷ್ಟರಲ್ಲಿ ಎರಡನೇ ಲಾಕ್‌ಡೌನ್ ಬಂತು. ನಿಂತದ್ದು ಮತ್ತೆ ಶುರುವಾಗಲಿಲ್ಲ. ದುಡ್ಡು ಇರಲಿಲ್ಲ, ಎರಡು ಬಸ್ ಬದಲಿಸಿ ಹೋಗಿ ಬರುವ ಹೊತ್ತೂ ಇರಲಿಲ್ಲ. 2022ರ ಜೂನ್‌ನಲ್ಲಿ ಮನೆ ಹತ್ತಿರದ ಈ ಶಾಲೆಗೆ ಒಂದನೇ ತರಗತಿಗೆ ಸೇರಿಸಿದರು.

ನಮ್ಮ ಕಡತಗಳಲ್ಲಿ ಆಟಿಸಂಗೆ ಸ್ವಲೀನತೆ ಅಂತ ಬರೆಯುತ್ತೇವೆ. ತನ್ನಲ್ಲೇ ಲೀನವಾಗಿರುವುದು ಅಂತ ಅರ್ಥ. ಆ ಪದ ನನಗೆ ಯಾಕೋ ಒಗ್ಗುವುದಿಲ್ಲ. ಪುಟ್ಟ ತನ್ನೊಳಗೆ ಮುಳುಗಿ ಕೂತವನಲ್ಲ. ಹೊರಗಿನದ್ದು ಅವನಿಗೆ ನಮಗಿಂತ ಜಾಸ್ತಿ ಕೇಳಿಸುತ್ತದೆ, ಜಾಸ್ತಿ ಕಾಣಿಸುತ್ತದೆ. ಹಿಂದಿನ ಬೀದಿಯ ಕುಕ್ಕರ್ ಕೂಗು, ಟ್ಯೂಬ್‌ಲೈಟಿನ ಗುಂಯ್ ಸದ್ದು, ಟೀಚರ್ ಸೀರೆಯ ಪಿನ್ನು, ಎಲ್ಲವೂ ಒಂದೇ ಸಲ, ಒಂದೇ ಜೋರಿನಲ್ಲಿ ಬಂದು ಬೀಳುತ್ತವೆ. ಹಾಗಾಗಿ ಆಟಿಸಂ ಅಂತಲೇ ಬರೆಯುತ್ತೇನೆ.

ನಾನು ಕಂಡದ್ದು

ಎಚ್‌ಎಂ ಸರ್ ಫೋನಿನಲ್ಲಿ ಹೇಳಿದ್ದು ಇಷ್ಟು: "ಹುಡುಗ ಹಠಮಾರಿ ಆಗ್ಬಿಟ್ಟಿದಾನೆ ಮೇಡಂ. ಗೇಟ್ ದಾಟಿದ್ರೆ ರೋಡು. ನಮಗೆ ಭಯ." ಭಯ ಸುಳ್ಳಲ್ಲ. ಗೇಟಿನ ಹೊರಗೆ ಟೆಂಪೋಗಳು ಹಿಂದಕ್ಕೆ ಬರುತ್ತಲೇ ಇರುತ್ತವೆ.

ಮೊದಲ ಭೇಟಿಯಲ್ಲಿ ನಾನೂ ತಪ್ಪು ಮಾಡಿದೆ. ಅವತ್ತು ಪುಟ್ಟ ಮೂರು ಸಲ ಓಡಿದ. ಒಂದು ಸಲ ನೆಲದ ಮೇಲೆ ಬಿದ್ದು ತಲೆ ಗಟ್ಟಿಸಿಕೊಂಡ. ನಾನು ವರದಿಯಲ್ಲಿ ಗೃಹಾಧಾರಿತ ಶಿಕ್ಷಣವನ್ನು ಪರಿಗಣಿಸಬಹುದು ಅಂತ ಬರೆದೆ. ಅದು ಶಾಲೆಗೆ ಬರಲು ಆಗದಷ್ಟು ತೊಂದರೆ ಇರುವ ಮಕ್ಕಳಿಗೆ ಮನೆಗೇ ಹೋಗಿ ಕಲಿಸುವ ವ್ಯವಸ್ಥೆ. ಅಂಥ ಮಕ್ಕಳಿಗೆ ಅದು ದೊಡ್ಡ ಆಸರೆ. ಆದರೆ ಪುಟ್ಟ ಮೂರು ವರ್ಷ ನಡೆದುಕೊಂಡೇ ಶಾಲೆಗೆ ಬಂದವನು. ಅವನ ಅಮ್ಮನಿಗೆ ವಿಷಯ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮನೇಲಿ ಇದ್ರೆ ಅವ್ನು ಶಾಂತವಾಗೇ ಇರ್ತಾನೆ ಮೇಡಂ. ಆದ್ರೆ ಮನೇಲಿ ಅವ್ನ ವಯಸ್ಸಿನವ್ರು ಯಾರೂ ಇಲ್ವಲ್ಲ." ಆ ಸಾಲನ್ನು ನಾನು ವರದಿಯಿಂದ ಹೊಡೆದುಹಾಕಿದೆ.

ಮುಂದಿನ ಮೂರು ಭೇಟಿಗಳಲ್ಲಿ ಬೇರೇನೂ ಮಾಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಂಡೆ. ಅವನು ಓಡಿದ್ದು ಎಷ್ಟು ಸಲ ಅನ್ನುವುದಕ್ಕಿಂತ, ಓಡುವ ಮೊದಲು ಏನಾಯಿತು ಅನ್ನುವುದನ್ನು.

ಎರಡು ವಿಷಯ ಕಂಡವು. ಒಂದು, ಗಂಟೆ. ರೈಲು ಹಳಿಯ ತುಂಡೊಂದನ್ನು ವರಾಂಡದ ಸೂರಿಗೆ ನೇತುಹಾಕಿದ್ದಾರೆ. ಏಳನೇ ತರಗತಿಯ ಹುಡುಗರು ಕಬ್ಬಿಣದ ರಾಡಿನಿಂದ ಬಾರಿಸುತ್ತಾರೆ. ಅದು ಇರುವುದು ನಾಲ್ಕನೇ ತರಗತಿಯ ಕಿಟಕಿಯಿಂದ ಹತ್ತು ಹೆಜ್ಜೆ ದೂರದಲ್ಲಿ. ಒಂದರಿಂದ ಮೂರನೇ ತರಗತಿಯ ಕೊಠಡಿ ಕಟ್ಟಡದ ಇನ್ನೊಂದು ತುದಿಯಲ್ಲಿತ್ತು. ಅಲ್ಲಿಗೆ ಈ ಸದ್ದು ಮೆತ್ತಗೆ ತಲುಪುತ್ತಿತ್ತು. ಇಲ್ಲಿ ಅದು ಕಿವಿಯೊಳಗೇ ಬೀಳುತ್ತದೆ. ಪುಟ್ಟ ಓಡಿದ್ದರಲ್ಲಿ ಹೆಚ್ಚಿನವು ಗಂಟೆ ಬಾರಿಸಿದ ತಕ್ಷಣ ಆದವು.

ಎರಡನೆಯದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಗಂಟೆ ಇಲ್ಲದಾಗಲೂ ಅವನು ಕೆಲವು ಸಲ ಎದ್ದು ನಿಲ್ಲುತ್ತಿದ್ದ. ಆಗೆಲ್ಲ ಒಂದೇ ಮಾತು: "ಮುಂದಿನ ನಿಲ್ದಾಣ ವಿಜಯನಗರ. ಮುಂದಿನ ನಿಲ್ದಾಣ ವಿಜಯನಗರ." ಮಕ್ಕಳು ನಗುತ್ತಿದ್ದರು. ಟೀಚರ್ "ಸುಮ್ನೆ ಕೂತ್ಕೋ" ಅನ್ನುತ್ತಿದ್ದರು.

ಭಾನುವಾರ ಅಪ್ಪ ಅವನನ್ನು ಮೆಟ್ರೋದಲ್ಲಿ ಕರೆದುಕೊಂಡು ಹೋಗುತ್ತಾರೆ. ನೇರಳೆ ಮಾರ್ಗ ಅವನಿಗೆ ಬಾಯಿಪಾಠ. ಮೈಸೂರು ರಸ್ತೆ, ದೀಪಾಂಜಲಿನಗರ, ಅತ್ತಿಗುಪ್ಪೆ, ವಿಜಯನಗರ, ಹೊಸಹಳ್ಳಿ, ಮಾಗಡಿ ರಸ್ತೆ. ಆಟಿಸಂ ಇರುವ ಮಕ್ಕಳು ಕೇಳಿದ್ದನ್ನು ಹಾಗೇ ಮರಳಿ ಹೇಳುವುದು ಅರ್ಥವಿಲ್ಲದ ಗಿಳಿಪಾಠ ಅಂತ ಹಿಂದೆ ತಿಳಿದಿದ್ದರು. ಆ ಮಾತುಗಳಿಗೂ ಉದ್ದೇಶ ಇರುತ್ತದೆ ಅಂತ ಬ್ಯಾರಿ ಪ್ರಿಜಾಂಟ್ ಅವರಂಥ ಭಾಷಾ ತಜ್ಞರು 1980ರ ದಶಕದ ಶುರುವಿನಲ್ಲೇ ತೋರಿಸಿದರು. ನನ್ನ ಪುಸ್ತಕದ ಟಿಪ್ಪಣಿ ತಿರುವಿ ನೋಡಿದೆ. ಪುಟ್ಟ ಈ ಮಾತು ಹೇಳಿದ್ದು ಯಾವಾಗ? ಕನ್ನಡ ಪಾಠ ನಿಂತು ಏನೂ ಹೇಳದೆ ಗಣಿತ ಶುರುವಾದಾಗ. ಟೀಚರನ್ನು ಆಫೀಸಿಗೆ ಕರೆದಾಗ. ಆಟದ ಅವಧಿ ಇದ್ದಕ್ಕಿದ್ದಂತೆ ರದ್ದಾದಾಗ. ಅವನು ಕೇಳುತ್ತಿದ್ದದ್ದು ಒಂದೇ, ಮುಂದೆ ಏನು? ಆ ಪ್ರಶ್ನೆಗೆ ಯಾರೂ ಉತ್ತರ ಕೊಡುತ್ತಿರಲಿಲ್ಲ. ಆಮೇಲೆ ಓಡುತ್ತಿದ್ದ.

ನಲಿಕಲಿಯಲ್ಲಿ ಇದ್ದದ್ದು, ಆಮೇಲೆ ಇಲ್ಲವಾದದ್ದು

ಈ ಪ್ರಕರಣದ ತಿರುಳು ಇದೇ ಅಂತ ನನಗೆ ಅನ್ನಿಸುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿವರೆಗೆ ನಲಿಕಲಿ ಇದೆ. 1995ರ ಹೊತ್ತಿಗೆ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ಸೇರಿ ಶುರು ಮಾಡಿದ ಪದ್ಧತಿ, ಆಮೇಲೆ ರಾಜ್ಯಕ್ಕೆಲ್ಲ ಬಂತು. ಆ ಕೊಠಡಿಗೆ ಹೋದರೆ ಬೆಂಚಿನ ಸಾಲು ಇಲ್ಲ. ಮಕ್ಕಳು ತಟ್ಟೆ ಅಂತ ಕರೆಯುವ ಗುಂಪುಗಳಲ್ಲಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ನೋಡಿ, ಆ ಚಿತ್ರದ ಗುರುತಿರುವ ಕಾರ್ಡನ್ನು ತಾನೇ ತೆಗೆದುಕೊಂಡು, ಆ ಗುಂಪಿಗೆ ಹೋಗಿ ಕೂರುತ್ತದೆ. ಮುಗಿದರೆ ಮುಂದಿನ ಮೆಟ್ಟಿಲು. ಒಬ್ಬರು ಬೇಗ ಹತ್ತಬಹುದು, ಇನ್ನೊಬ್ಬರು ನಿಧಾನ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳು ಮಾಡಿದ ಕೆಲಸ ನೇತಾಡುತ್ತಿರುತ್ತದೆ.

ಈಗ ಆಟಿಸಂ ಇರುವ ಮಕ್ಕಳಿಗೆ ತಜ್ಞರು ಏನು ಹೇಳುತ್ತಾರೆ ನೋಡಿ. ಮುಂದೆ ಏನು ಅಂತ ಚಿತ್ರದಲ್ಲಿ ತೋರಿಸಿ. ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ. ಎಲ್ಲಿ ಶುರು, ಎಲ್ಲಿ ಮುಕ್ತಾಯ ಅಂತ ಕಣ್ಣಿಗೆ ಕಾಣಲಿ. ಬಾಯಿಮಾತು ಕಡಿಮೆ ಮಾಡಿ. ಅವರವರ ವೇಗಕ್ಕೆ ಬಿಡಿ. ದುಬಾರಿ ಕೇಂದ್ರಗಳಲ್ಲಿ ವಿಶುವಲ್ ಶೆಡ್ಯೂಲ್ ಅಂತ ಕರೆಯುವುದು ಇದನ್ನೇ. ನಲಿಕಲಿ ಕೊಠಡಿಯಲ್ಲಿ ಅದು ಎಲ್ಲ ಮಕ್ಕಳಿಗೂ ಪುಕ್ಕಟೆಯಾಗಿ ಇತ್ತು! ಪುಟ್ಟನಿಗಾಗಿ ಯಾರೂ ಅದನ್ನು ಮಾಡಿರಲಿಲ್ಲ. ಹಾಗಾಗಿ ಅದು ಅವನಿಗೆ ಆಧಾರ ಅಂತಲೂ ಯಾರಿಗೂ ಹೊಳೆಯಲಿಲ್ಲ. ನಾಲ್ಕನೇ ತರಗತಿಗೆ ಬಂದಾಗ ಏಣಿ ಹೋಯಿತು, ಕಾರ್ಡ್ ಹೋಯಿತು, ಗುಂಪು ಹೋಯಿತು. ಬೆಂಚು, ಬೋರ್ಡು, ಟೀಚರ್ ಬಾಯಿಮಾತು ಉಳಿಯಿತು. ಮೇಲೆ ಕಿವಿಯ ಪಕ್ಕದಲ್ಲೇ ಗಂಟೆ. ಗಾಲಿಕುರ್ಚಿಯ ಮಗು ಬರುತ್ತಿದ್ದ ಇಳಿಜಾರನ್ನು ಒಡೆದು ಮೆಟ್ಟಿಲು ಕಟ್ಟಿ, ಆಮೇಲೆ ಮಗು ಹತ್ತುತ್ತಿಲ್ಲ ಅಂದರೆ ಹೇಗೆ? ಹಾಗೇ ಆಗಿತ್ತು.

ಹಠ ಅನ್ನುವ ಮಾತಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಹಠ ಮಾಡುವ ಮಗುವಿಗೆ ಏನೋ ಬೇಕಿರುತ್ತದೆ. ಅಳುತ್ತಲೇ ನಮ್ಮ ಮುಖ ನೋಡುತ್ತದೆ. ಬೇಕಾದ್ದು ಸಿಕ್ಕರೆ ನಿಲ್ಲಿಸುತ್ತದೆ. ಪುಟ್ಟ ನೆಲಕ್ಕೆ ಬಿದ್ದಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಚಾಕೊಲೇಟ್ ಕೊಟ್ಟರೂ ನಿಲ್ಲುತ್ತಿರಲಿಲ್ಲ, ಬೈದರೂ ನಿಲ್ಲುತ್ತಿರಲಿಲ್ಲ. ತಡೆದುಕೊಳ್ಳುವ ಶಕ್ತಿ ಮುಗಿದಾಗ ಆಗುವುದು ಅದು. ಆ ಹೊತ್ತಿನಲ್ಲಿ ಬೇಕಾದ್ದು ಕಡಿಮೆ ಸದ್ದು, ಕಡಿಮೆ ಜನ, ಕಡಿಮೆ ಮಾತು. ನಾಲ್ಕು ಜನ ಸುತ್ತ ನಿಂತು "ಏನಾಯ್ತು ಪುಟ್ಟ, ಏನಾಯ್ತು" ಅಂದರೆ ಇನ್ನೂ ಜಾಸ್ತಿಯಾಗುತ್ತದೆ.

ಮಾಡಿದ್ದು

ನಾಲ್ಕನೇ ತರಗತಿಯ ಟೀಚರ್ ನಿವೃತ್ತಿಗೆ ಎರಡು ವರ್ಷ ಇರುವವರು. ಮೂವತ್ತೆಂಟು ಮಕ್ಕಳು. ಶಿಸ್ತಿನವರು, ಗಣಿತ ಚೆನ್ನಾಗಿ ಕಲಿಸುತ್ತಾರೆ. ನಾನು ಬಂದದ್ದು ಅವರಿಗೆ ಮೊದಲು ಇಷ್ಟವಾಗಲಿಲ್ಲ. "ಒಬ್ಬನ್ನ ನೋಡ್ಕೊಂಡ್ರೆ ಮಿಕ್ಕವ್ರನ್ನ ಯಾರು ನೋಡ್ತಾರೆ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಉಪದೇಶ ಮಾಡಲಿಲ್ಲ. ನಲಿಕಲಿ ಕೊಠಡಿಯಿಂದ ಹಳೆಯ ಕಾರ್ಡುಗಳನ್ನು ತಂದು ಕೊಟ್ಟೆ.

ಅತಿ ಮುಖ್ಯವಾದ ವಿಷಯವನ್ನು ಕಂಡುಹಿಡಿದದ್ದು ಅವರೇ, ನಾನಲ್ಲ. ಒಂದು ದಿನ ಗಂಟಲು ಕಟ್ಟಿ ಅವರಿಗೆ ಮಾತಾಡಲು ಆಗಲಿಲ್ಲ. ಎಲ್ಲವನ್ನೂ ಬೋರ್ಡಿನ ಮೇಲೆ ಬರೆದರು. "ಪುಸ್ತಕ ತೆಗೆಯಿರಿ. ಪುಟ 23. ಮೂರು ಲೆಕ್ಕ ಮಾಡಿ." ಪುಟ್ಟ ಎಲ್ಲರಿಗಿಂತ ಮೊದಲು ಮಾಡಿ ಮುಗಿಸಿದ. ಅವತ್ತು ಸಂಜೆ ಅವರೇ ನನಗೆ ಫೋನ್ ಮಾಡಿದರು: "ಮೇಡಂ, ಬಾಯಲ್ಲಿ ಹೇಳಿದ್ರೆ ಅವನಿಗೆ ಹಿಡಿಯೋದಿಲ್ಲ. ಬರೆದ್ರೆ ಹಿಡಿಯುತ್ತೆ." ಆಮೇಲೆ ಅವನ ಬೆಂಚಿನ ಮೇಲೆ ಒಂದು ಸ್ಲೇಟು ಬಂತು. ಸೂಚನೆ ಏನಿದ್ದರೂ ಅದರಲ್ಲಿ ಎರಡು ಪದ. ಅಷ್ಟೇ.

ದಿನದ ಪಟ್ಟಿಗೆ ಕಿಟಕಿಯ ಸರಳಿನಿಂದ ಸರಳಿಗೆ ಒಂದು ದಾರ ಕಟ್ಟಿ, ಬಟ್ಟೆ ಕ್ಲಿಪ್ ಹಾಕಿ ಕಾರ್ಡು ನೇತುಹಾಕಿದೆವು. ಪ್ರಾರ್ಥನೆ, ಕನ್ನಡ, ಗಣಿತ, ಊಟ, ಪರಿಸರ, ಆಟ, ಮನೆ. ಒಂದು ಮುಗಿದರೆ ಅವನೇ ತೆಗೆದು ಡಬ್ಬಿಗೆ ಹಾಕುತ್ತಾನೆ. ಎರಡನೇ ವಾರ ಅವನು ಸ್ಕೆಚ್ ಪೆನ್ ತಂದು ಎಲ್ಲ ಕಾರ್ಡಿನ ಕೆಳಗೂ ನೇರಳೆ ಗೆರೆ ಎಳೆದ. ಆ ದಾರವನ್ನು ಈಗ ಇಡೀ ತರಗತಿ ಮೆಟ್ರೋ ಅಂತಲೇ ಕರೆಯುತ್ತದೆ. ಎಲ್ಲ ಮಕ್ಕಳೂ ಅದನ್ನು ನೋಡುತ್ತಾರೆ. ಆಟಕ್ಕೆ ಎಷ್ಟು ನಿಲ್ದಾಣ ಬಾಕಿ ಅಂತ ಎಣಿಸುತ್ತಾರೆ.

ಗಂಟೆಯ ವಿಷಯಕ್ಕೆ ಒಂದು ತಿಂಗಳು ಹಿಡಿಯಿತು. ಹಳಿಯ ತುಂಡು ಮೂವತ್ತು ವರ್ಷದಿಂದ ಅಲ್ಲೇ ಇದೆ, ಸರಿಸಿದರೆ ಹಿಂದಿನ ಕೊಠಡಿಗೆ ಕೇಳುವುದಿಲ್ಲ ಅಂದರು. ಅಲ್ಲಿಯವರೆಗೆ ಪುಟ್ಟನ ಅಪ್ಪ ಎಸ್.ಪಿ. ರಸ್ತೆಯ ಅಂಗಡಿಯಿಂದ ಕಿವಿ ಮುಚ್ಚುವ ಮಫ್ ತಂದುಕೊಟ್ಟರು. ಕಾರ್ಖಾನೆಯಲ್ಲಿ ಡ್ರಿಲ್ ಹಿಡಿಯುವವರು ಹಾಕುವಂಥದ್ದು. ಗಂಟೆಗೆ ಎರಡು ನಿಮಿಷ ಮೊದಲು ಟೀಚರ್ ಅವನ ಸ್ಲೇಟಿನ ಮೇಲೆ ಗಂಟೆಯ ಚಿತ್ರ ಬರೆಯುತ್ತಿದ್ದರು. ಅವನು ಮಫ್ ಹಾಕಿಕೊಳ್ಳುತ್ತಿದ್ದ. ಮುಂಚೆಯೇ ಗೊತ್ತಾದ ಸದ್ದು ಅರ್ಧ ಸದ್ದು ಇದ್ದ ಹಾಗೆ.

ಬಿಸಿಯೂಟದ್ದು ಬೇರೆ ಕಥೆ. ಮುನ್ನೂರು ಸ್ಟೀಲ್ ತಟ್ಟೆಗಳ ಸದ್ದು, ಸಾರಿನ ವಾಸನೆ, ಮೈಗೆ ಮೈ ತಾಗುವ ಸಾಲು. ಅವನು ಅನ್ನವನ್ನೂ ಸಾರನ್ನೂ ಕಲಸಿದರೆ ಮುಟ್ಟುವುದಿಲ್ಲ. ಐದು ನಿಮಿಷ ಮೊದಲು ವರಾಂಡದ ತುದಿಯಲ್ಲಿ ಅವನಿಗೆ ಬೇರೆ ಬೇರೆಯಾಗಿ ಬಡಿಸಲು ಅಡುಗೆಯ ಅಮ್ಮನವರು ಒಪ್ಪಿದರು. "ಎಲ್ಲರ ಜೊತೆ ಕೂತು ತಿಂದ್ರೆ ತಾನೆ ಸಮನ್ವಯ ಶಿಕ್ಷಣ?" ಅಂತ ಸಿಆರ್‌ಪಿ, ಅಂದರೆ ಕ್ಲಸ್ಟರ್ ಮಟ್ಟದ ಸಂಪನ್ಮೂಲ ವ್ಯಕ್ತಿ, ಒಬ್ಬರು ಕೇಳಿದರು. ನಾನು ಹಾಗೆ ಅಂದುಕೊಳ್ಳುವುದಿಲ್ಲ. ಸಾಲಿನಲ್ಲಿ ಕೂತು ಉಪವಾಸ ಇರುವುದಕ್ಕಿಂತ, ತುದಿಯಲ್ಲಿ ಕೂತು ಹೊಟ್ಟೆ ತುಂಬ ತಿಂದು, ಆಮೇಲೆ ಮಕ್ಕಳ ಜೊತೆ ಗಣಿತಕ್ಕೆ ಕೂರುವುದು ಮೇಲು.

ಆಗಸ್ಟ್

ಸ್ವಾತಂತ್ರ್ಯ ದಿನದ ಕವಾಯತಿಗೆ ಡ್ರಮ್ ಅಭ್ಯಾಸ ನಡೆಯುತ್ತಿತ್ತು. ಪುಟ್ಟ ಕಿವಿ ಮುಚ್ಚಿಕೊಂಡು ಗೋಡೆ ಪಕ್ಕ ನಿಂತಿದ್ದ. ಒಬ್ಬ ಹುಡುಗ ತಮಾಷೆಗೆ ಅವನ ಕೈ ಎರಡನ್ನೂ ಹಿಡಿದು ಎಳೆದ. ಪುಟ್ಟ ಅವನ ಮುಂಗೈ ಕಚ್ಚಿದ. ಹಲ್ಲಿನ ಗುರುತು ಮೂಡಿತು, ರಕ್ತ ಬಂತು.

ಮಾರನೇ ದಿನ ಆ ಹುಡುಗನ ಅಪ್ಪ ಬಂದರು. ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯ ಸಭೆ ಕರೆದರು. "ಪಾಪ ಅಂತೀರ. ಸರಿ. ನಾಳೆ ಕಣ್ಣಿಗೆ ಏನಾದ್ರೂ ಆದ್ರೆ ಯಾರು ಹೊಣೆ?" ಅಂದರು. ಪುಟ್ಟನ ಅಮ್ಮ ಎದ್ದು ಕೈ ಮುಗಿದರು. ಅವರು ಕೈ ಮುಗಿಯಬೇಕಾಗಿ ಬಂದದ್ದು ನನಗೆ ಇವತ್ತಿಗೂ ನೋವು. ಆದರೆ ಆ ತಂದೆಯ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ಗಾಯ ಆದದ್ದು ಅವರ ಮಗನಿಗೆ.

ನಾನು ಎರಡು ಮಾತು ಹೇಳಿದೆ. ಒಂದು, ಕಾನೂನಿನದು. ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರ ಪಟ್ಟಿಯಲ್ಲಿ ಆಟಿಸಂ ಇದೆ. ಅದರ ಸೆಕ್ಷನ್ 16ರ ಪ್ರಕಾರ ಇಂಥ ಮಕ್ಕಳನ್ನು ಭೇದ ಮಾಡದೆ ಸೇರಿಸಿಕೊಳ್ಳಬೇಕು, ಅವರ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಬೇಕು. ಹೊರಗೆ ಹಾಕುವ ಮಾತೇ ಇಲ್ಲ. ಎರಡನೆಯದು, ಮತ್ತೆ ಹೀಗಾಗದಂತೆ ನಾವು ಏನು ಮಾಡುತ್ತೇವೆ ಅನ್ನುವುದು. ಡ್ರಮ್ ಇರುವ ಹೊತ್ತಿನಲ್ಲಿ ಪುಟ್ಟ ಲೈಬ್ರರಿ ಕೋಣೆಯಲ್ಲಿ ಇರುತ್ತಾನೆ. ಅವನ ಮೈ ಮುಟ್ಟುವ ಮೊದಲು ಕೇಳಬೇಕು ಅಂತ ಎಲ್ಲ ಮಕ್ಕಳಿಗೂ ಹೇಳುತ್ತೇವೆ. ಆ ತಂದೆಗೆ ಹೆಚ್ಚು ಸಮಾಧಾನ ಕೊಟ್ಟದ್ದು ಎರಡನೇ ಮಾತು.

ಪುಟ್ಟನ ಅಮ್ಮನ ಒಪ್ಪಿಗೆ ಪಡೆದು ತರಗತಿಯಲ್ಲಿ ಒಂದು ಆಟ ಆಡಿಸಿದೆ. ಒಬ್ಬೊಬ್ಬರೂ ಮುಂದೆ ಬಂದು ಕೂಡುವ ಲೆಕ್ಕ ಮಾಡಬೇಕು. ಆಗ ಒಬ್ಬರು ಕಿವಿಯ ಹತ್ತಿರ ತಟ್ಟೆ ಬಡಿಯುತ್ತಾರೆ, ಒಬ್ಬರು ಕಣ್ಣಿಗೆ ಟಾರ್ಚ್ ಬಿಡುತ್ತಾರೆ, ಒಬ್ಬರು ಕುತ್ತಿಗೆಗೆ ಗೋಣಿಚೀಲ ಉಜ್ಜುತ್ತಾರೆ. ಲೆಕ್ಕ ಯಾರಿಗೂ ಬರಲಿಲ್ಲ. ಕೊನೆಗೆ ಒಬ್ಬಳು ಹುಡುಗಿ ಎದ್ದು ನಿಂತು ಮೆಲ್ಲಗೆ ಹೇಳಿದಳು: "ಮಿಸ್, ನಂಗೂ ಆ ಗಂಟೆ ಕೇಳಿದ್ರೆ ಹೊಟ್ಟೇಲಿ ಏನೋ ಆಗುತ್ತೆ." ಇನ್ನೂ ಮೂವರು ಕೈ ಎತ್ತಿದರು. ಮುಂದಿನ ಸೋಮವಾರ ಎಚ್‌ಎಂ ಸರ್ ಹಳಿಯ ತುಂಡನ್ನು ಗೇಟಿನ ಹೊಂಗೆ ಮರಕ್ಕೆ ಸಾಗಿಸಿದರು. ಹಿಂದಿನ ಕೊಠಡಿಗೂ ಕೇಳುತ್ತದೆ.

ಆ ಹುಡುಗಿ ಈಗ ಪುಟ್ಟನ ಪಕ್ಕದಲ್ಲಿ ಕೂರುತ್ತಾಳೆ. ಅವಳನ್ನು ಸಹಾಯಕಿ ಅಂತ ನೇಮಿಸಬೇಡಿ ಅಂತ ಟೀಚರಿಗೆ ಕೇಳಿಕೊಂಡೆ. ಒಂಬತ್ತು ವರ್ಷದ ಮಗುವಿನ ಹೆಗಲಿಗೆ ಆ ಭಾರ ಬೇಡ. ಅವರಿಬ್ಬರೂ ನಿಲ್ದಾಣಗಳ ಹೆಸರು ಬರೆಯುವ ಆಟ ಆಡುತ್ತಾರೆ.

ಸರ್ಟಿಫಿಕೇಟ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪುಟ್ಟನ ಮನೆಯವರ ಹತ್ತಿರ ನಿಮ್ಹಾನ್ಸ್‌ನ ಹಳೆಯ ಚೀಟಿ ಬಿಟ್ಟರೆ ಏನೂ ಇರಲಿಲ್ಲ. ನಮ್ಮ ದೇಶದಲ್ಲಿ ಆಟಿಸಂ ಅಳೆಯಲು ಐಎಸ್‌ಎಎ ಅನ್ನುವ 40 ಅಂಶಗಳ ಮಾಪನ ಬಳಸುತ್ತಾರೆ. 70ರಿಂದ 106 ಅಂಕ ಬಂದರೆ ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕಿಂತ ಮೇಲೆ ತೀವ್ರ. ಪುಟ್ಟನದು ಮಧ್ಯಮ ಅಂತ ಬಂತು. ಯುಡಿಐಡಿ ಕಾರ್ಡಿಗೆ, ಅಂದರೆ ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಗೆ, ಅರ್ಜಿ ಹಾಕಿಸಿದೆ. ಮುಂದೆ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವೆಲ್ಲ ಅದೇ ಅಧಿನಿಯಮದ ಸೆಕ್ಷನ್ 17ರಲ್ಲಿ ಇವೆ, ಆಗ ಕಾರ್ಡು ಬೇಕಾಗುತ್ತದೆ. ಆದರೆ ಸ್ಲೇಟಿನ ಮೇಲೆ ಎರಡು ಪದ ಬರೆಯಲು ಯಾವ ಕಾರ್ಡೂ ಬೇಕಿಲ್ಲ.

ಅಕ್ಟೋಬರ್

ಸೆಪ್ಟೆಂಬರ್‌ನಲ್ಲಿ ಪುಟ್ಟ ವಾರಕ್ಕೆ ಒಂದು ಸಲ ಓಡಿದರೆ ಹೆಚ್ಚು. ನಾವೆಲ್ಲ ನೆಮ್ಮದಿಯಾಗಿದ್ದೆವು. ದಸರಾ ರಜೆಗೆ ಮೊದಲು ಟೀಚರ್ ಒಂದು ಕ್ಯಾಲೆಂಡರ್ ಮಾಡಿಕೊಟ್ಟರು. ದಿನಕ್ಕೊಂದು ಚೌಕ. ಅಕ್ಟೋಬರ್ 8ರ ಚೌಕದಲ್ಲಿ ಶಾಲೆಯ ಚಿತ್ರ. ಅವನು ದಿನಾ ಸಂಜೆ ಒಂದು ಚೌಕ ಹೊಡೆದುಹಾಕುತ್ತಿದ್ದ.

ಆ ವರ್ಷ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತು. ಶಿಕ್ಷಕರೇ ಗಣತಿದಾರರು. ಕೆಲಸ ಮುಗಿಯದ ಕಾರಣ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ಹಿಂದೆಯೇ ದೀಪಾವಳಿ. ಅಕ್ಟೋಬರ್ 8ರ ಬೆಳಿಗ್ಗೆ ಪುಟ್ಟ ಯೂನಿಫಾರಂ ಹಾಕಿಕೊಂಡು ಬಾಗಿಲಲ್ಲಿ ನಿಂತ. ಅಮ್ಮ ಅವನನ್ನು ಶಾಲೆಯವರೆಗೂ ಕರೆದುಕೊಂಡು ಹೋಗಿ ಮುಚ್ಚಿದ ಗೇಟ್ ತೋರಿಸಿದರು. ಅವನು ಗೇಟ್ ಹಿಡಿದು ಒಂದು ಗಂಟೆ ನಿಂತ. ಮನೆಗೆ ಬಂದು ಕ್ಯಾಲೆಂಡರ್ ಹರಿದುಹಾಕಿದ. ಎರಡು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ. ಪಟಾಕಿಯ ಮೂರು ದಿನ ಅಜ್ಜಿ ಅವನನ್ನು ಮಾಗಡಿ ಹತ್ತಿರದ ತಮ್ಮ ಊರಿಗೆ ಕರೆದುಕೊಂಡು ಹೋದರು. ತಾಯತ ಕಟ್ಟಿಸಿದ ಅದೇ ಅಜ್ಜಿ. ಅದು ಸರಿಯಾದ ತೀರ್ಮಾನ.

ಶಾಲೆ ತೆರೆದ ಮೇಲೆ ಜುಲೈಗೇ ವಾಪಸ್ ಹೋದಂತೆ ಆಯಿತು. ತಪ್ಪು ಎಲ್ಲಿ ಅಂತ ಟೀಚರ್ ಮತ್ತು ನಾನು ಕೂತು ಯೋಚಿಸಿದೆವು. ಮುಂದೆ ಏನು ಅಂತ ತೋರಿಸಿದ್ದೆವು. ಅದು ಬದಲಾಗಬಹುದು ಅಂತ ತೋರಿಸಿರಲಿಲ್ಲ. ಒಂದು ಹೊಸ ಕಾರ್ಡು ಬಂತು. ಹಳದಿ ಬಣ್ಣ, ಮೇಲೆ 'ಬದಲು' ಅಂತ ಒಂದೇ ಪದ. ಮೊದಲು ಖುಷಿಯ ಬದಲಾವಣೆಗೆ ಬಳಸಿದೆವು. ಗಣಿತದ ಬದಲು ಆಟ. ಪರಿಸರದ ಬದಲು ಚಿತ್ರ. ಎರಡು ವಾರ ಆದ ಮೇಲೆ ಆಟದ ಬದಲು ಕನ್ನಡ. ಅವನು ಗೊಣಗಿದ, ಕೈ ಬಡಿದ, ಆದರೆ ಕೂತ. ಕೈ ಬಡಿಯುವುದನ್ನು ನಾವು ಯಾರೂ ನಿಲ್ಲಿಸುವುದಿಲ್ಲ. ಅದು ಅವನು ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವ ರೀತಿ.

ಮುಂದೆ ಏನು ಅಂತ ಮೊದಲೇ ತೋರಿಸುವ ಈ ರೀತಿಯನ್ನೇ ಅಪ್ಪ ಹೊರಗೆ ಬಳಸತೊಡಗಿದ್ದಾರೆ. ಮೆಟ್ರೋದ ತಪಾಸಣೆಯಲ್ಲಿ ಮೈ ಮೇಲೆ ಯಂತ್ರ ಆಡಿಸಿದರೆ ಪುಟ್ಟ ಕಿರುಚುತ್ತಿದ್ದ. ಈಗ ಅಪ್ಪ ಮೊದಲು ತಾವು ಕೈ ಎತ್ತಿ ನಿಲ್ಲುತ್ತಾರೆ, ಅವನು ನೋಡುತ್ತಾನೆ, ಆಮೇಲೆ ತಾನೂ ಕೈ ಎತ್ತುತ್ತಾನೆ. ಕಟಿಂಗ್ ಶಾಪಿಗೆ ಮಂಗಳವಾರ ಹೋಗುವುದಿಲ್ಲವಲ್ಲ, ಹಾಗಾಗಿ ಬುಧವಾರ ಬೆಳಿಗ್ಗೆ ಅಂಗಡಿ ತೆರೆದ ತಕ್ಷಣ ಹೋಗುತ್ತಾರೆ. ಆಗ ಟಿವಿ ಹಾಕಿರುವುದಿಲ್ಲ. ಅಂಗಡಿಯವರು ಮಷೀನ್ ಬಿಟ್ಟು ಕತ್ತರಿಯಲ್ಲೇ ಕತ್ತರಿಸುತ್ತಾರೆ.

ಈಗ ಫೆಬ್ರವರಿ. ಪುಟ್ಟ ಗಣಿತದಲ್ಲಿ ತರಗತಿಯ ಮೊದಲ ಐದರಲ್ಲಿ ಇದ್ದಾನೆ. ಕನ್ನಡದಲ್ಲಿ ಓದುತ್ತಾನೆ, ಕಥೆಯ ಬಗ್ಗೆ ಪ್ರಶ್ನೆ ಕೇಳಿದರೆ ಬಾಯಲ್ಲಿ ಉತ್ತರ ಹೇಳುವುದಿಲ್ಲ, ಬರೆಯುತ್ತಾನೆ. ಈ ತಿಂಗಳು ಎರಡು ಸಲ ಓಡಿದ್ದಾನೆ. ಎರಡೂ ಸಲ ಹೊಂಗೆ ಮರದವರೆಗೆ ಹೋಗಿ ತಾನೇ ವಾಪಸ್ ಬಂದ.

ಐದನೇ ತರಗತಿ ಇರುವುದು ಮಹಡಿಯ ಮೇಲೆ. ಅದರ ಕಿಟಕಿ ರಸ್ತೆಗೆ ತೆರೆಯುತ್ತದೆ, ಎದುರಿಗೇ ಗ್ರೈಂಡಿಂಗ್ ಶೆಡ್ಡು. ಕೊಠಡಿಯನ್ನು ಆರನೇ ತರಗತಿಯ ಜೊತೆ ಅದಲು ಬದಲು ಮಾಡಿ ಅಂತ ಎಚ್‌ಎಂ ಸರ್‌ಗೆ ಬರೆದುಕೊಟ್ಟಿದ್ದೇವೆ. ಟೀಚರ್ ಒಂದು ಹಾಳೆಯಲ್ಲಿ ಪುಟ್ಟನ ಬಗ್ಗೆ ಹನ್ನೊಂದು ಸಾಲು ಬರೆದು ಐದನೇ ತರಗತಿಯ ಸರ್‌ಗೆ ಕೊಟ್ಟಿದ್ದಾರೆ. ಮೊದಲ ಸಾಲು, ಬರೆದು ಹೇಳಿ. ಬೇಸಿಗೆ ರಜೆಗೆ ಮೊದಲು ಐದು ಮಧ್ಯಾಹ್ನ ಪುಟ್ಟ ಹೊಸ ಕೊಠಡಿಯಲ್ಲಿ ಹತ್ತು ಹತ್ತು ನಿಮಿಷ ಕೂತು ಬರುತ್ತಾನೆ, ದಾರವನ್ನು ಅಲ್ಲೂ ಕಟ್ಟುತ್ತೇವೆ. ಯಾವ ಕೊಠಡಿ ಅನ್ನುವುದು ಮಾರ್ಚ್ ಮೊದಲ ವಾರದ ಸಭೆಯಲ್ಲಿ ತೀರ್ಮಾನವಾಗಬೇಕು.